ಮೆಬುರಿ ಭೂಶಿರದಲ್ಲಿ ನಿಂತವನು

೧೯೭೧ ನವೆಂಬರ್ ೩, ಬುಧವಾರ

ತೆಳು ಮೋಡ. ಒಂಬತ್ತು ಗಂಟೆಗೆ ಬೆಳಕು ಹದವಾಗಿತ್ತು, ಹತ್ತರ ನಂತರ ಚಪ್ಪಟೆ. ಪಾಸ್‌ಪೋರ್ಟ್ ಅಳತೆಯ ಮೂರು ಫೋಟೊ, ಮಗುವಿನ ನೂರನೆಯ ದಿನದ್ದು ಒಂದು. ಮಗು ಅತ್ತಿತು.

ತಾಕ್ ಚಿಲ್‌ಬೊಕ್ ಬದುಕಿದ್ದಾನೆ!

ಹದಿಮೂರು ತಿಂಗಳ ಹಿಂದೆ ಬೊಂಡಾಸ್ ಮೀನು ಹಿಡಿಯಲು ಒಬ್ಬನೇ ದೋಣಿ ತೆಗೆದುಕೊಂಡು ಹೋದವನು ಗಾಳಿಗೆ ಸಿಕ್ಕಿ ಮುಳುಗಿದ ಅಂತ ಇಡೀ ಬಂದರು ನಂಬಿತ್ತು. ಅವನು ಮುಳುಗಿರಲಿಲ್ಲ. ಗಾಳಿ ಅವನನ್ನು ಗಡಿಯಾಚೆ ನಮ್ಮ ಶತ್ರುಗಳಾದ ಉತ್ತರದವರ ಕೈಗೆ ಒಪ್ಪಿಸಿತ್ತು. ಅವರು ಒಂದು ವರ್ಷ ಇಟ್ಟುಕೊಂಡು ಬಿಟ್ಟರು. ಬಂದ ಮೇಲೆ ನಮ್ಮವರು ಯಾವುದೋ ಊರಲ್ಲಿ ಒಂದು ತಿಂಗಳು ಕೂಡಿಹಾಕಿ, ವಿಚಾರಿಸಿ, ಅವರೂ ಬಿಟ್ಟರು. ಇವತ್ತು ಮಧ್ಯಾಹ್ನದ ಬಸ್ಸಿನಿಂದ ಇಳಿದ. ಅವನ ತಾಯಿ ಒಣಮೀನಿನ ಬುಟ್ಟಿಯನ್ನು ರಸ್ತೆಯಲ್ಲೇ ಕೈಬಿಟ್ಟು ಓಡಿದಳು. ನಾಯಿಗಳಿಗೆ ಹಬ್ಬ.

ಊರೆಲ್ಲ ಅವನ ಸುತ್ತ ನೆರೆದಿದ್ದಾಗ ನಾನು ಮಾತ್ರ ಲೈಟುಕಂಬದ ಹಿಂದೆ ನಿಂತಿದ್ದೆ. ಹತ್ತಿರ ಹೋಗಲು ನಾಚಿಕೆ. ಕಾರಣ ಜೂನ್ ತಿಂಗಳಿನದು.

ಜೂನ್‌ನಲ್ಲಿ ಅವನ ತಾಯಿ ನನ್ನ ಸ್ಟುಡಿಯೊಗೆ ಬಂದಿದ್ದಳು. ಸತ್ತವರಿಗೆ ಮಾಡುವ ಹಾಗೆ ಕಪ್ಪುಪಟ್ಟಿ ಕಟ್ಟಿದ ಚೌಕಟ್ಟು ಬೇಕೇ ಅಂತ ಕೇಳಿದ್ದಕ್ಕೆ ನನ್ನ ಮೇಲೆ ಹರಿಹಾಯ್ದಳು. "ಕಪ್ಪುಪಟ್ಟಿ ನಿನ್ ಕುತ್ತಿಗೆಗೆ ಕಟ್ಕೋ! ಹೆಣ ಎಲ್ಲಿದೆ? ಹೆಣ ತೋರ್ಸು, ಆಮೇಲೆ ಅಳ್ತೀನಿ. ನನ್ ಮಗ ನಮ್ಮೂರ ಸಮುದ್ರದ ಮುಂದೆ ನಿಂತಿರೋ ಹಾಗೆ ಒಂದು ಮಾಡ್ಕೊಡು. ದಾರಿ ತಪ್ಪಿದ್ರೆ ನೋಡ್ಕೊಂಡು ಬರ್ಲಿ."

ಅವಳ ಬಳಿ ಇದ್ದದ್ದು ಅವನ ಒಂದೇ ಒಂದು ಫೋಟೊ, ಪಟ್ಟಣದ ಯಾರೋ ತೆಗೆದದ್ದು, ಹೊಸ ಶೂ ಹಾಕಿಕೊಂಡು ನಿಂತಿರುವುದು. ಅದರಿಂದ ಅವನನ್ನು ಬ್ಲೇಡಿನಲ್ಲಿ ಕತ್ತರಿಸಿದೆ. ಅಂಚನ್ನು ಹಿಂದಿನಿಂದ ಮರಳುಕಾಗದ ಹಾಕಿ ಉಜ್ಜಿ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಮಾಡಿದೆ. ಮೇ ತಿಂಗಳಲ್ಲಿ ನಾನು ತೆಗೆದಿದ್ದ ಮೆಬುರಿ ಭೂಶಿರದ ದೊಡ್ಡ ಪ್ರಿಂಟನ್ನು ಹಲಗೆಗೆ ಹಾಕಿ, ಅದರ ಮೇಲೆ ಅಂಟಿಸಿದೆ. ಬೆಸುಗೆಯ ಗೆರೆಯನ್ನು ಕುಂಚದಿಂದ ಮುಚ್ಚಿ, ಇಡೀ ಹಲಗೆಯನ್ನು ಮತ್ತೆ ಫೋಟೊ ತೆಗೆದೆ. ನೋಡಿದವರಾರಿಗೂ ಅಂಟಿಸಿದ್ದು ಅಂತ ಗೊತ್ತಾಗುತ್ತಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಅಷ್ಟು ಒಳ್ಳೆಯ ಕೆಲಸ ನಾನು ಮಾಡಿದ್ದಿಲ್ಲ. ತಾಯಿ ಅದನ್ನು ಗೋಡೆಗೆ ಹಾಕಿ, ಅದರ ಕೆಳಗೆ, ಒಲೆಯ ಕಾವು ಹಾಯುವ ಬೆಚ್ಚಗಿನ ನೆಲದ ಮೇಲೆ ದಿನಾ ಒಂದು ಬಟ್ಟಲು ಅನ್ನವನ್ನು ರಜಾಯಿ ಮುಚ್ಚಿ ಇಡುತ್ತಿದ್ದಳು, ಪ್ರಯಾಣ ಹೋದವರಿಗೆ ಇಡುವ ಹಾಗೆ.

ಆ ತಾಯಿಗೆ ಇದ್ದ ನಂಬಿಕೆ ನನಗಿರಲಿಲ್ಲ. ನಾನು ಸತ್ತವನ ಚಿತ್ರ ಅಂತಲೇ ಮಾಡಿದ್ದೆ.

ಹೆಂಡತಿ ಓಕ್‌ಬುನ್‌ಗೆ ವಿಷಯ ಹೇಳಿದೆ. ಅವಳು ಡಾರ್ಕ್‌ರೂಮಿನ ಮೂಲೆಯಲ್ಲಿದ್ದ ಆ ಅಂಟಿಸಿದ ಹಲಗೆಯನ್ನು ಎತ್ತಿಕೊಂಡು ಹೋಗಿ ಒಲೆಗೆ ಹಾಕಿದಳು. "ಬದುಕಿರೋನ ಹೆಣದ ಪಟ ಮನೇಲಿ ಇಟ್ಕೋಬಾರ್ದು ರೀ" ಅಂದಳು. ಸರಿಯೇ ಅನ್ನಿಸಿತು.

ನವೆಂಬರ್ ೮, ಸೋಮವಾರ

ಮೋಡವಿಲ್ಲ. ಗಾಳಿ. ಹೊರಗೆ ಕ್ಯಾಮೆರಾ ನಿಲ್ಲುವುದಿಲ್ಲ.

ಎರಡು ದಿನದಿಂದ ಒಂದು ವಿಷಯ ತಲೆಯಲ್ಲಿ ಹುಳದಂತೆ ಕೊರೆಯುತ್ತಿದೆ. ಮೆಬುರಿಯ ಚಿತ್ರದಲ್ಲಿ ಎಡಗಡೆ, ಬಂಡೆಯ ಮೇಲೆ, ಸೈನ್ಯದವರ ಕಾವಲುಗೂಡು ಇದೆ. ಸಿಮೆಂಟಿನ ಸಣ್ಣ ಡಬ್ಬಿ, ನಡುವೆ ಒಂದು ಸೀಳು. ಈ ಮಾರ್ಚ್‌ನಲ್ಲಿ ಕಟ್ಟಿದ್ದು. ಕಟ್ಟಿದ ಮೇಲೆ ಅಲ್ಲಿ ಫೋಟೊ ತೆಗೆಯಬಾರದು ಎಂದು ಕೆಂಪು ಫಲಕವೂ ಬಂದಿದೆ. ನಾನು ಮೇಕೆ ಹಾದಿಯಲ್ಲಿ ಹೋಗಿ ತೆಗೆದಿದ್ದೆ. ಆವತ್ತು ಅಜೇಲಿಯ ಹೂ ಬಿಟ್ಟಿತ್ತು, ಬೆಳಕು ಪೂರ್ವದಿಂದ ಬೆಣ್ಣೆಯ ಹಾಗೆ ಇಳಿಯುತ್ತಿತ್ತು, ಯಾವ ಫಲಕ ಯಾರಿಗೆ ಕಾಣುತ್ತದೆ?

ಪ್ರಿಂಟ್ ಮಾಡುವಾಗ ಆ ಗೂಡನ್ನು ಅಳಿಸಬಹುದಿತ್ತು. ಹತ್ತು ನಿಮಿಷದ ಕೆಲಸ. ಅಳಿಸಿಯೂ ನೋಡಿದ್ದೆ. ಆದರೆ ಅದಿಲ್ಲದೆ ಚಿತ್ರ ಬಲಕ್ಕೆ ವಾಲುತ್ತಿತ್ತು. ತೂಕಕ್ಕೆ ಎಡಗಡೆ ಏನಾದರೂ ಬೇಕಿತ್ತು, ಅದಕ್ಕೆ ಬಿಟ್ಟೆ. ಯಾರಾದರೂ ಕೇಳಿದರೆ ಈ ಕಾರಣವನ್ನು ಯಾವ ಬಾಯಲ್ಲಿ ಹೇಳಲಿ?

ಇವತ್ತು ಹಿಂದಿನ ಓಣಿಯಿಂದ ಚಿಲ್‌ಬೊಕ್ ಮನೆಗೆ ಹೋದೆ. ಮುಖ್ಯ ಬೀದಿಯಲ್ಲಿ ಪೊಲೀಸ್ ಠಾಣೆ ಇದೆ, ಅವರ ಮನೆಗೆ ಹೋಗುವವರನ್ನು ಯಾರಾದರೂ ಲೆಕ್ಕ ಇಡುತ್ತಿದ್ದರೆ ಅಂತ. ಚಿಲ್‌ಬೊಕ್ ತೆಳ್ಳಗಾಗಿದ್ದಾನೆ, ನಗು ಮಾತ್ರ ಹಾಗೇ ಇದೆ.

"ಪ್ಯೊ ಅಣ್ಣಾ, ನನ್ನ ಚೆನ್ನಾಗಿ ಮಾಡಿದೀಯಪ್ಪ," ಅಂದ ಗೋಡೆ ನೋಡುತ್ತಾ. "ಆ ಶೂ ಮಾರಿ ಕುಡಿದು ಮೂರು ವರ್ಷ ಆಯ್ತು. ಪಟದಲ್ಲಿ ಇನ್ನೂ ಮಿಂಚ್ತಾ ಇದೆ."

"ಚಿಲ್‌ಬೊಕ್, ಇನ್ನು ಇದು ಗೋಡೆ ಮೇಲೆ ಯಾಕೆ? ಕೊಡು, ಹೊಸದೊಂದು ತೆಗೆದುಕೊಡ್ತೀನಿ."

ತಾಯಿ ಅಡುಗೆಮನೆಯಿಂದಲೇ ಕೂಗಿದಳು. "ಮುಟ್ಟಿದ್ರೆ ಕೈ ಮುರೀತೀನಿ! ನನ್ ಮಗನ್ನ ಕರ್ಕೊಂಡು ಬಂದಿದ್ದೇ ಆ ಪಟ. ಊಟ ಮಾಡ್ಕೊಂಡು ಹೋಗು ಸುಮ್ನೆ."

ನಿಜವಾದ ಕಾರಣ ಹೇಳಬೇಕಿತ್ತು. ಹೇಳಿದ್ದರೆ ಆ ಮನೆಯಲ್ಲಿ ಒಂದು ವರ್ಷದ ನಂತರ ಬಂದ ನಗು ನಿಲ್ಲುತ್ತಿತ್ತು ಅಂತ ಹೇಳಲಿಲ್ಲ ಎಂದು ಬರೆದುಕೊಳ್ಳಬಹುದು. ಆದರೆ ಇದು ನನಗೊಬ್ಬನಿಗೇ ಬರೆಯುವ ಪುಸ್ತಕ. ನಾನು ಅಲ್ಲಿಗೆ ಹೋಗಿ ತೆಗೆದದ್ದು ಬಾಯಿಂದ ಬಾಯಿಗೆ ಹೋದರೆ ನನ್ನ ಗತಿ ಏನು ಎಂದು ಹೆದರಿ ಹೇಳಲಿಲ್ಲ. ಮೂಲಂಗಿ ಸಾರು ಕುಡಿದು ಬಂದೆ.

ನವೆಂಬರ್ ೧೨, ಶುಕ್ರವಾರ

ಬೆಳಿಗ್ಗೆ ಚಿಲ್‌ಬೊಕ್‌ನನ್ನು ಠಾಣೆಗೆ ಕರೆದುಕೊಂಡು ಹೋದರು. ಮನೆಯಲ್ಲಿ ಇನ್ನೇನೂ ಮುಟ್ಟಲಿಲ್ಲವಂತೆ. ಗೋಡೆಯ ಮೇಲಿನ ಫೋಟೊ ಮಾತ್ರ ತೆಗೆದುಕೊಂಡು ಹೋದರು.

ನವೆಂಬರ್ ೧೩

ಯಾರೂ ಬರಲಿಲ್ಲ.

ನವೆಂಬರ್ ೧೪

ಯಾರೂ ಬರಲಿಲ್ಲ. ಬಾಗಿಲ ಗಂಟೆ ಎರಡು ಸಲ ಅಲ್ಲಾಡಿತು, ಗಾಳಿ. ಮೆಬುರಿಯ ನೆಗೆಟಿವ್ ಸುಟ್ಟುಹಾಕಿದೆ ಎಂದು ಓಕ್‌ಬುನ್‌ಗೆ ಹೇಳಿದೆ. ಸುಟ್ಟಿಲ್ಲ. ಕಡ್ಡಿ ಗೀರಿದೆ. ಆ ಬೆಳಕನ್ನು ಮತ್ತೆ ಯಾವ ಜನ್ಮದಲ್ಲಿ ನೋಡುತ್ತೇನೆ ಅನ್ನಿಸಿತು, ಊದಿಬಿಟ್ಟೆ. ನಾಳೆ ಸುಡುತ್ತೇನೆ.

ನವೆಂಬರ್ ೧೬, ಮಂಗಳವಾರ

ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಹನ್ನೊಂದು ಗಂಟೆಗೆ ನಾಲ್ಕು ಜನ ಬಂದರು. ಮುಂದೆ ಮೆಂಗ್ ಸಾಹೇಬರು. ಪತ್ತೇದಾರಿ ವಿಭಾಗದವರು, ವಸಂತದಲ್ಲಿ ಬಡ್ತಿ ಸಿಕ್ಕಾಗ ನನ್ನಲ್ಲೇ ಫೋಟೊ ತೆಗೆಸಿಕೊಂಡವರು. ಆವತ್ತು ಕುರ್ಚಿ ಹಾಕಿಸಿಕೊಂಡು ಬಾರ್ಲಿ ಚಹಾ ಕುಡಿದಿದ್ದರು. ಇವತ್ತು ಬೂಟು ಬಿಚ್ಚದೆ ಒಳಗೆ ಬಂದರು.

ಡಾರ್ಕ್‌ರೂಮಿಗೆ ನುಗ್ಗಿ ದೀಪ ಹಾಕಿದರು. ಪೇಪರಿನ ಡಬ್ಬಿಗಳನ್ನು ಒಂದೊಂದಾಗಿ ತೆರೆದು ಕೊಡವಿದರು. "ಸಾಹೇಬ್ರೆ, ಬೆಳಕು ತಾಗಿದ್ರೆ ಎಲ್ಲಾ ಹಾಳಾಗುತ್ತೆ" ಅಂದೆ. "ಹಾಳಾಗ್ಲಿ ಬಿಡು, ನಿಂಗೆ ಇನ್ನು ಪೇಪರ್ ಎಂಥಕ್ಕೆ?" ಅಂದರು. ಒಂದು ವರ್ಷದ ಪೇಪರ್ ಕಣ್ಣೆದುರೇ ಕಪ್ಪಾಯಿತು. ನೆಗೆಟಿವ್‌ಗಳನ್ನು ಕಿಟಕಿಗೆ ಹಿಡಿದು ನೋಡಿದರು, ಆದರೆ ಅವರಿಗೆ ನೆಗೆಟಿವ್ ಓದಲು ಬರುವುದಿಲ್ಲ. ಮೆಬುರಿಯದನ್ನು ತಲೆಕೆಳಗಾಗಿ ಹಿಡಿದು, ಮದುವೆಯದೇನೋ ಅಂದುಕೊಂಡು ಕೆಳಗಿಟ್ಟರು.

ಈ ಪುಸ್ತಕ ಎಲ್ಲಿತ್ತು? ಬೆಳಿಗ್ಗೆ ಮೇಜಿನ ಮೇಲೇ ಬಿಟ್ಟಿದ್ದೆ. ಸಿಕ್ಕಿತು ಅಂತಲೇ ತಿಳಿದಿದ್ದೆ. ಅವರು ಹೋದ ಮೇಲೆ ಅಂಗಳಕ್ಕೆ ಹೋದರೆ, ಓಕ್‌ಬುನ್ ಚಳಿಗಾಲದ ಕಿಮ್ಚಿ ಉಪ್ಪಿನಕಾಯಿಗೆಂದು ಉಪ್ಪು ಹಾಕಿದ ಎಂಬತ್ತು ಕೋಸುಗಳ ನಡುವೆ ಕಾಲು ಚಾಚಿ ಕೂತಿದ್ದಳು. ಪೊಲೀಸಿನವನೊಬ್ಬ "ಏಳಮ್ಮ" ಅಂದಿದ್ದಕ್ಕೆ "ನೀನೇ ಬಂದು ಎಬ್ಬಿಸು, ಖಾರದ ಕೈ ಇದೆ" ಅಂದಳಂತೆ. ಎದ್ದಳು. ಪುಸ್ತಕ ಅವಳ ಕೆಳಗಿತ್ತು.

"ಏನೇನು ಬರ್ದಿದೀರೋ, ಓದಿಲ್ಲ. ಸೊಂಟ ಮಾತ್ರ ಮೂರು ತಾಸಿಂದ ನೋಯ್ತಿದೆ," ಅಂದಳು.

ಬರೆಯುವುದನ್ನು ನಿಲ್ಲಿಸಬೇಕು.

ನವೆಂಬರ್ ೧೮, ಗುರುವಾರ

ಠಾಣೆಗೆ ಕರೆಸಿದರು. ಬೆಳಿಗ್ಗೆ ಎಂಟರಿಂದ ಮೂರರವರೆಗೆ. ಹೊಡೆಯಲಿಲ್ಲ. ಹೊಡೆಯುವ ಸದ್ದು ಪಕ್ಕದ ಕೋಣೆಯಿಂದ ಕೇಳುತ್ತಿತ್ತು.

ಮೇಜಿನ ಮೇಲೆ ನನ್ನ ಚಿತ್ರ. ಮೆಂಗ್ ಸಾಹೇಬರು ಕಾವಲುಗೂಡಿನ ಮೇಲೆ ಬೆರಳಿಟ್ಟರು. "ಇದು ಕಟ್ಟಿದ್ದು ಮಾರ್ಚ್‌ನಲ್ಲಿ. ಹೂ ಬಿಟ್ಟಿದೆ ನೋಡು, ಅಂದ್ರೆ ಮೇ ತಿಂಗಳು. ಆಗ ಇವನು ಉತ್ತರದಲ್ಲಿ ಇದ್ದ ಅಂತ ಅವನೇ ಹೇಳ್ತಾನೆ. ಮತ್ತೆ ಇಲ್ಲಿ ಹೇಗೆ ನಿಂತಿದಾನೆ? ಮೇ ತಿಂಗಳಲ್ಲಿ ಕಳ್ಳತನದಿಂದ ಬಂದು ಹೋಗಿದಾನೆ. ಅವರೇ ಕಳಿಸಿದ್ದು. ಫೋಟೊ ತೆಗೆದೋನು ನೀನು."

ಇದನ್ನು ನಾನು ಊಹಿಸಿರಲಿಲ್ಲ. ನಾನು ಹೆದರಿದ್ದು ನಿಷೇಧದ ಜಾಗದಲ್ಲಿ ಫೋಟೊ ತೆಗೆದದ್ದಕ್ಕೆ. ಇವರು ಅದರಿಂದ ಗೂಢಚಾರನೊಬ್ಬನನ್ನು ಹುಟ್ಟಿಸಿದ್ದರು. ಗೂಢಚಾರನಿಗೆ ಏನಾಗುತ್ತದೆ ಎಂದು ಚಿಕ್ಕ ಮಕ್ಕಳಿಗೂ ಗೊತ್ತು.

ಹೇಳಿಬಿಟ್ಟೆ. ಎಲ್ಲವನ್ನೂ ಹೇಳಿದೆ. ಜಾಗದ ಫೋಟೊ ತೆಗೆದದ್ದು ನಾನು, ಒಬ್ಬನೇ. ಅವನನ್ನು ಆಮೇಲೆ ಕತ್ತರಿಸಿ ಅಂಟಿಸಿದ್ದು. ತಾಯಿ ಕೇಳಿದ್ದಳು. ನೆರಳು ನೋಡಿ ಸಾಹೇಬ್ರೆ ಅಂದೆ. ಬಂಡೆಯ ನೆರಳು ಎಡಕ್ಕೆ ಬಿದ್ದಿದೆ, ಅವನ ಮೂಗಿನ ನೆರಳು ಬಲಕ್ಕೆ. ಎರಡು ಸೂರ್ಯ ಇರೋಕೆ ಸಾಧ್ಯವೇ? ಆ ತಪ್ಪು ನನಗೆ ಜೂನ್‌ನಲ್ಲೇ ಗೊತ್ತಿತ್ತು. ಯಾರೂ ಗಮನಿಸದಿರಲಿ ಎಂದು ಬೇಡಿಕೊಂಡಿದ್ದೆ. ಇವತ್ತು ಅದನ್ನೇ ಗಮನಿಸಿ ಎಂದು ಬೇಡಿಕೊಂಡೆ.

ಅವರು ಚಿತ್ರವನ್ನು ಮೂಗಿನ ಹತ್ತಿರ ಹಿಡಿದರು, ಭೂತಗನ್ನಡಿ ತರಿಸಿ ನೋಡಿದರು. "ಬೆಸುಗೆ ಎಲ್ಲಿ? ಕೂದಲು ಕೂದಲೂ ಕಾಣ್ತಿದೆ. ಇದನ್ನ ಈ ಹಾಳೂರಿನ ಫೋಟೊದವನು ಅಂಟು ಹಾಕಿ ಮಾಡಿದಾನೆ ಅಂತ ನಂಬ್ಬೇಕಾ? ಅಂಟಿಸಿದ್ದು ಎಲ್ಲಿದೆ, ತೋರ್ಸು."

"ಹೆಂಡತಿ ಒಲೆಗೆ ಹಾಕಿದ್ಲು."

ಎಲ್ಲರೂ ನಕ್ಕರು. ನನಗೂ ನಗು ಬಂದಂತಾಯಿತು.

ಕೊನೆಗೆ ಒಂದು ಹಾಳೆ ತಳ್ಳಿದರು. ಟೈಪ್ ಮಾಡಿ ಸಿದ್ಧವಾಗಿತ್ತು. ಮೇ ತಿಂಗಳಲ್ಲಿ ಚಿಲ್‌ಬೊಕ್ ಬಂದು, ಚಾಕು ತೋರಿಸಿ, ನನ್ನನ್ನು ಮೆಬುರಿಗೆ ಕರೆದುಕೊಂಡು ಹೋಗಿ ಫೋಟೊ ತೆಗೆಸಿದ ಎಂದು. "ಸಹಿಯ ಜಾಗದಲ್ಲಿ ನಿನ್ನ ಮೊಹರು ಒತ್ತು, ನೀನು ಬರೀ ಸಾಕ್ಷಿ. ಒತ್ತದಿದ್ರೆ ನೀನೂ ಅವನ ಜೊತೆಗಾರ. ಮುಂದಿನ ಗುರುವಾರದವರೆಗೆ ಟೈಮು ಕೊಡ್ತೀನಿ. ಹಳೇ ಪರಿಚಯ ಅಂತ."

ಹಾಳೆ ಈಗ ನನ್ನ ಜೇಬಿನಲ್ಲಿದೆ.

ನವೆಂಬರ್ ೧೯, ಶುಕ್ರವಾರ

ಚಿಲ್‌ಬೊಕ್‌ನ ತಾಯಿ ಬಂದಳು. ಗಾಜಿನ ಬಾಗಿಲಲ್ಲಿ ಅವಳ ತಲೆವಸ್ತ್ರ ಕಂಡ ಕೂಡಲೇ ನಾನು ಡಾರ್ಕ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ.

"ಇಲ್ಲ ಅಮ್ಮಾ, ಅವರು ಇಲ್ಲ," ಓಕ್‌ಬುನ್ ಹೇಳುವುದು ಕೇಳಿಸಿತು.

"ನಂಗೊತ್ತು ಇದಾನೆ ಅಂತ. ಹೇಳು ಅವನಿಗೆ. ಠಾಣೇಲಿ ನನ್ ಮಾತು ಯಾರೂ ಕೇಳಲ್ಲ, ತಾಯಿ ಇನ್ನೇನು ಹೇಳ್ತಾಳೆ ಅಂತಾರೆ. ಅವನಾದ್ರೂ ಹೇಳ್ಲಿ. ಪಟ ಮಾಡು ಅಂತ ಕೇಳ್ದೋಳು ನಾನು. ನನ್ನ ಹಿಡ್ಕೊಂಡು ಹೋಗ್ಲಿ."

ಅವಳು ಹೋಗಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕೂತಳು. ನಾನು ಒಳಗೆ ಕೆಂಪು ದೀಪದ ಕೆಳಗೆ ಕೂತೆ. ಎರಡು ತಾಸು. ಒಂದೇ ಗೋಡೆಗೆ ಆ ಕಡೆಯಿಂದ ಅವಳು, ಈ ಕಡೆಯಿಂದ ನಾನು ಒರಗಿದ್ದೆವು. ಇಷ್ಟು ನೀಚ ನಾನು ಎಂದು ನನಗೇ ಗೊತ್ತಿರಲಿಲ್ಲ.

ನವೆಂಬರ್ ೨೧, ಭಾನುವಾರ

ನಿರ್ಧಾರ ಮಾಡಿದ್ದೇನೆ. ಒತ್ತುತ್ತೇನೆ. ನನಗೆ ನಲವತ್ತಾರು, ಎದೆ ಮೊದಲೇ ದುರ್ಬಲ, ಪಕ್ಕದ ಕೋಣೆಯ ಆ ಸದ್ದನ್ನು ನಾನು ಒಂದು ದಿನವೂ ತಡೆಯಲಾರೆ. ಅವರು ಹೇಗೂ ಬೇಕಾದ್ದನ್ನು ಬರೆದುಕೊಳ್ಳುತ್ತಾರೆ.

ಊಟದ ಮೇಜಿನ ಮೇಲೆ ಮೊಹರು, ಕೆಂಪು ಮಸಿ, ಹಾಳೆ ಇಟ್ಟುಕೊಂಡೆ. ಓಕ್‌ಬುನ್ ಎದುರು ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು.

"ಒತ್ತಿ. ಯಾರು ಬೇಡ ಅಂದ್ರು? ನಾನು ಇನ್ನು ಮೇಲೆ ಮೀನನ್ನ ಪಕ್ಕದ ಊರಿಂದ ತರ್ತೀನಿ. ಆ ಮುದುಕಿ ಎದುರು ಸಿಕ್ಕಿದ್ರೆ ನೀವು ಕಂಬದ ಹಿಂದೆ ನಿಂತ್ಕೊಳ್ಳಿ, ನಿಮಗೆ ಅಭ್ಯಾಸ ಇದೆ."

"ನಿನಗೇನು ಗೊತ್ತು? ನಾನು ಹೇಳ್ದೆ ಅವರಿಗೆ! ನಂಬಲಿಲ್ಲ."

"ಬಾಯಲ್ಲಿ ಹೇಳಿದ್ರೆ ಯಾರು ನಂಬ್ತಾರೆ? ನೀವು ನನ್ನ ಮದುವೆ ಆಗೋವಾಗ ಸ್ಟುಡಿಯೊ ಎರಡು ಮಹಡಿ ಅಂತ ಬಾಯಲ್ಲೇ ಹೇಳಿದ್ರಿ." ಬೆಳ್ಳುಳ್ಳಿಯನ್ನು ಬಟ್ಟಲಿಗೆ ಹಾಕಿದಳು. "ಮಾಡಿ ತೋರ್ಸಿ. ಆ ನೆಗೆಟಿವ್ ಸುಟ್ಟಿಲ್ಲ ನೀವು. ಸುಟ್ಟಿದ್ರೆ ವಾಸನೆ ಬರ್ತಿತ್ತು."

ಅದನ್ನು ಠಾಣೆಗೆ ತೆಗೆದುಕೊಂಡು ಹೋಗುವುದೆಂದರೆ, ಬಾಯಲ್ಲಿ ಹೇಳಿದ್ದಕ್ಕೆ ನಾನೇ ಸಾಕ್ಷಿ ಒದಗಿಸಿದಂತೆ. ಮೆಬುರಿಯ ಒಂದು ನೆಗೆಟಿವ್‌ಗೇ ಏಳು ವರ್ಷ ಹಾಕಬಹುದು. ಅವಳಿಗೆ ಹಾಗೆಂದೆ.

ಅವಳು ಇನ್ನೂ ಎರಡು ಬೆಳ್ಳುಳ್ಳಿ ಬಿಡಿಸಿದಳು. ಆಮೇಲೆ "ಬೆಚ್ಚಗಿನ ಒಳ ಅಂಗಿ ಎರಡು ಹೊಲಿದು ಇಡ್ತೀನಿ" ಅಂದಳು. ಅವಳ ಕಣ್ಣು ಕೆಂಪಾಗಿತ್ತು. ಬೆಳ್ಳುಳ್ಳಿಗೆ ಯಾರ ಕಣ್ಣೂ ಹಾಗೆ ಕೆಂಪಾಗುವುದಿಲ್ಲ.

ಒತ್ತಲಿಲ್ಲ. ಇನ್ನೂ ನಾಲ್ಕು ದಿನ ಇದೆ, ಅಷ್ಟೆ.

ನವೆಂಬರ್ ೨೩, ಮಂಗಳವಾರ

ಬೆಳಿಗ್ಗೆ ಏಳರಿಂದ ಡಾರ್ಕ್‌ರೂಮಿನಲ್ಲಿ. ಪಕ್ಕದ ಪಟ್ಟಣದಿಂದ ಓಕ್‌ಬುನ್ ಒಂದು ಡಬ್ಬಿ ಪೇಪರ್ ತಂದುಕೊಟ್ಟಳು. ಮೆಬುರಿಯ ದೊಡ್ಡ ಪ್ರಿಂಟ್ ತೊಳೆದು ಒಣಗಿಸಿದೆ.

ಯಾರನ್ನು ನಿಲ್ಲಿಸುವುದು? ಈ ಸಲ ಎರಡು ಸೂರ್ಯ ಬೇಡ. ಬಲಗಡೆಯಿಂದ ಬೆಳಕು ಬಿದ್ದ, ತಲೆಯಿಂದ ಕಾಲಿನವರೆಗೆ ಪೂರ್ತಿ ನಿಂತ ಫೋಟೊ ಬೇಕು. ನಾನು ಎಲ್ಲರಿಗೂ ಎಡಗಡೆಯಿಂದಲೇ ದೀಪ ಇಡುವುದು, ಅಪ್ಪನ ಕಾಲದಿಂದ ಹಾಗೇ. ನಾಲ್ಕು ಪೆಟ್ಟಿಗೆ ಹುಡುಕಿದೆ. ಬಲಗಡೆಯ ಬೆಳಕಿನದು ಸಿಕ್ಕಿದ್ದು ಒಂದೇ. ಒಂದು ಕೆನ್ನೆಯ ಗಾಯದ ಗುರುತು ನೆರಳಲ್ಲಿ ಮುಚ್ಚಿಹೋಗಲಿ ಎಂದು ಅವರೇ ಹೇಳಿ ದೀಪವನ್ನು ಬಲಕ್ಕೆ ಇಡಿಸಿದ್ದರು. ಮೆಂಗ್ ಸಾಹೇಬರ ಬಡ್ತಿಯ ಫೋಟೊ.

ಪೆಟ್ಟಿಗೆ ಮುಚ್ಚಿಬಿಟ್ಟೆ. ಹತ್ತು ನಿಮಿಷ ಹೊರಗೆ ಹೋಗಿ ಬಂದೆ. ಆದರೆ ಬೇರೆ ಇಲ್ಲ. ಇರುವುದರಲ್ಲಿ ಕೆಲಸ ಮಾಡಬೇಕು. ಬೆಳಕು ಸರಿ ಇಲ್ಲದಿದ್ದರೆ ಮತ್ತೆ ಅವರೇ ಬೆರಳು ತೋರಿಸುತ್ತಾರೆ.

ಕತ್ತರಿಸಲು ಕೂತಾಗ ಕೈ ನಡುಗಲಿಲ್ಲ. ಕೆಲಸದಲ್ಲಿ ಯಾವಾಗಲೂ ಹಾಗೇ. ಸಂಜೆಗೆ ಮುಗಿಯಿತು. ಜೂನ್‌ನದಕ್ಕಿಂತ ಚೆನ್ನಾಗಿದೆ. ಹೂವಿನ ಒಂದು ಟೊಂಗೆಯನ್ನು ಅವರ ಪ್ಯಾಂಟಿನ ಮುಂದೆ ತಂದಿದ್ದೇನೆ.

ಓಕ್‌ಬುನ್ ನೋಡಿದಳು. ಮೊದಲು ನನ್ನನ್ನು ನೋಡಿದಳು, ಆಮೇಲೆ ಚಿತ್ರವನ್ನು, ಮತ್ತೆ ನನ್ನನ್ನು. "ರೀ, ನಿಮಗೆ ತಲೆ ಸರಿ ಇದೆಯಾ?" ಅಂದಳು. "ಬೆಳಕು ಇದೊಂದೇ ಹೊಂದಿದ್ದು" ಅಂದೆ. ಅವಳಿಗೆ ಇವೆಲ್ಲ ಅರ್ಥವಾಗುವುದಿಲ್ಲ.

ನವೆಂಬರ್ ೨೫, ಗುರುವಾರ

ಬದುಕಿ ಬಂದೆ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಎರಡು ಒಳ ಅಂಗಿ ಹಾಕಿಕೊಂಡು ಹೋದೆ. ಕೋಣೆಯಲ್ಲಿ ಮೆಂಗ್ ಸಾಹೇಬರು, ಹೊಸದಾಗಿ ಸೇರಿದ ಒಬ್ಬ ಪೇದೆ.

"ಒತ್ತಿ ತಂದ್ಯಾ?"

ಹಾಳೆ ಕೊಟ್ಟೆ, ಮೊಹರಿಲ್ಲದೆ. ಅದರ ಮೇಲೆ ಮೆಬುರಿಯ ನೆಗೆಟಿವ್ ಇಟ್ಟೆ. ಅದರ ಮೇಲೆ ಲಕೋಟೆ. ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಹೋದ ಮಾತು ಒಂದೂ ಬಾಯಿಗೆ ಬರಲಿಲ್ಲ. "ಮಾಡಿ ತೋರ್ಸಿದೀನಿ ಸಾಹೇಬ್ರೆ," ಅಂದೆ, ಅಷ್ಟೇ.

ಅವರು ಲಕೋಟೆಯಿಂದ ಚಿತ್ರ ತೆಗೆದರು. ನೋಡಿದರು. ಒಲೆಯ ಮೇಲೆ ಕೆಟಲು ಕುದಿಯುವುದು ಕೇಳುತ್ತಿತ್ತು. ಪೇದೆ ಅವರ ಹೆಗಲ ಮೇಲಿಂದ ಬಗ್ಗಿ ನೋಡಿದ. ಅವನಿಗೆ ನನ್ನ ವಿಷಯ ಏನೂ ಗೊತ್ತಿರಲಿಲ್ಲ, ಪಾಪ. ಖುಷಿಯಿಂದ ಕೇಳಿದ, "ಅರೆ, ಸಾಹೇಬ್ರು ಮೆಬುರಿಗೆ ಯಾವಾಗ ಹೋಗಿದ್ರಿ? ಹೂ ಚೆನ್ನಾಗಿ ಬಿಟ್ಟಿದೆ."

"ನಾನು ಹೋಗಿಲ್ಲ," ಅಂದರು ಮೆಂಗ್.

"ಅಲ್ಲ, ಇದ್ರಲ್ಲಿ..."

"ಹೋಗಿಲ್ಲ ಅಂದ್ನಲ್ಲ!"

"ಆದ್ರೆ ಇದು ನೀವೇ ಅಲ್ವಾ ಸಾಹೇಬ್ರೆ? ಹಿಂದೆ ನಮ್ಮ ಕಾವಲುಗೂಡು..."

"ನಾನು ಅಲ್ಲಿಗೆ ಹೋಗೇ ಇಲ್ಲ ಕಣೋ!"

ಕುರ್ಚಿ ಬಿದ್ದ ಸದ್ದಿಗೆ ಪೇದೆ ಗೋಡೆಗೆ ಅಂಟಿದ. ಪಕ್ಕದ ಕೋಣೆಯ ಬಾಗಿಲು ಮುಚ್ಚಿತ್ತು. ಇದೇ ಮಾತನ್ನು, ಇದೇ ಧ್ವನಿಯಲ್ಲಿ, ಅಲ್ಲಿ ಒಬ್ಬ ಹದಿಮೂರು ದಿನದಿಂದ ಹೇಳುತ್ತಿದ್ದಾನೆ ಎಂದು ನನಗೆ ಹೊಳೆಯಿತು. ಅದು ಮೆಂಗ್‌ಗೂ ಹೊಳೆಯಿತೋ ಇಲ್ಲವೋ ತಿಳಿಯದು. ಅವನ ಮುಖದ ಬಣ್ಣ ಇಳಿದಿತ್ತು. ಆ ಬಣ್ಣ ನನಗೆ ಗೊತ್ತು, ಹದಿನೈದು ದಿನದಿಂದ ಕ್ಷೌರದ ಕನ್ನಡಿಯಲ್ಲಿ ನೋಡುತ್ತಿದ್ದೇನೆ.

ಪೇದೆಯನ್ನು ಹೊರಗೆ ಕಳಿಸಿದ. ನನ್ನ ಕೆನ್ನೆಗೆ ಎರಡು ಬಾರಿಸಿದ. ಆಮೇಲೆ ಬಾಗಿಲ ಕಡೆ ನೋಡಿ, ಸಣ್ಣ ದನಿಯಲ್ಲಿ ಕೇಳಿದ, "ಇಂಥವು ಎಷ್ಟು ಮಾಡಿದೀಯ?"

"ಇದೊಂದೇ."

"ಸುಳ್ಳು."

"ಇದೊಂದೇ ಸಾಹೇಬ್ರೆ. ಪೇಪರೇ ಇರಲಿಲ್ಲ."

ನೆಗೆಟಿವ್, ಚಿತ್ರ ಎರಡನ್ನೂ ಒಳಜೇಬಿಗೆ ಹಾಕಿಕೊಂಡ. ಫೈಲಿನೊಳಗೆ ಹಾಕಲಿಲ್ಲ. ಹಾಕಿದ್ದರೆ ನಾನು ಇವತ್ತು ಇಲ್ಲಿ ಕೂತು ಬರೆಯುತ್ತಿರಲಿಲ್ಲ. "ಹೋಗು," ಅಂದ. ನಂಬಿಕೆ ಬರದೆ ನಿಂತೇ ಇದ್ದೆ. "ಹೋಗಯ್ಯಾ!" ಅಂತ ಕಿರುಚಿದ.

ಬರುವಾಗ ದಾರಿಯುದ್ದಕ್ಕೂ ಹಿಂದಿನಿಂದ ಕರೆಯುತ್ತಾರೆ ಎಂದು ಹೆದರಿಕೆ. ಕೆನ್ನೆ ಊದಿದೆ. ನನಗಿಂತ ಹೇಡಿ ಈ ಬಂದರಿನಲ್ಲಿ ಇನ್ನೊಬ್ಬನಿಲ್ಲ.

ನವೆಂಬರ್ ೨೮, ಭಾನುವಾರ

ಮೆಂಗ್ ಬಂದಿದ್ದ. ಒಬ್ಬನೇ, ಸಾದಾ ಬಟ್ಟೆಯಲ್ಲಿ. ಬಾಗಿಲಲ್ಲಿ ಬೂಟು ಬಿಚ್ಚಿದ.

"ಯಜಮಾನ್ರೆ, ಆ ಇನ್ನೊಂದು ಪ್ರತಿ ಎಲ್ಲಿದೆ ಹೇಳ್ಬಿಡಿ. ನಾನೇನೂ ಮಾಡಲ್ಲ."

"ಇನ್ನೊಂದು ಇಲ್ಲ."

"ಅಂಟಿಸಿದ ಹಲಗೆ?"

"ಹೆಂಡತಿ ಒಲೆಗೆ ಹಾಕಿದ್ಲು."

ಅದು ಈ ಸಲವೂ ನಿಜವೇ. ಅವನು ನಗಲಿಲ್ಲ. ಡಾರ್ಕ್‌ರೂಮಿನ ಬಾಗಿಲ ಕಡೆ, ಗೋಡೆಯ ಮೇಲಿನ ಮದುಮಕ್ಕಳ ಕಡೆ, ನನ್ನ ಜೇಬಿನ ಕಡೆ ನೋಡಿದ. "ಮೇಲಿನವರಿಗೆ ಯಾರಿಗಾದ್ರೂ ಕಳಿಸಿದೀರಾ? ರಾಜಧಾನಿಗೆ?" ಅಂತ ಕೇಳಿದ. ಇಲ್ಲ ಅಂದೆ. ಚಹಾ ಕುಡಿಯದೆ ಹೋದ. ಓಕ್‌ಬುನ್ ಪೀಡೆ ಮತ್ತೆ ಬರದಿರಲೆಂದು ಬಾಗಿಲಿಗೆ ಉಪ್ಪು ಎರಚಿದಳು.

ಇಲ್ಲದ್ದನ್ನು ಇಲ್ಲ ಅಂದರೂ ನಂಬುವುದಿಲ್ಲ, ವಿಚಿತ್ರ ಮನುಷ್ಯ.

ಡಿಸೆಂಬರ್ ೨, ಗುರುವಾರ

ಚಿಲ್‌ಬೊಕ್‌ನನ್ನು ಬಿಟ್ಟರು. ಸಾಕ್ಷಿ ಸಾಲದು ಅಂದರಂತೆ. ಗೋಡೆಯ ಮೇಲಿದ್ದ ಆ ಫೋಟೊ ಠಾಣೆಯಲ್ಲಿ ಎಲ್ಲೋ ಕಳೆದುಹೋಗಿದೆ ಎಂದು ಪೇದೆ ಅವನ ತಾಯಿಗೆ ಹೇಳಿದನಂತೆ.

ಓಕ್‌ಬುನ್ ಕೊಟ್ಟ ಕೋಳಿಸಾರು ಹಿಡಿದುಕೊಂಡು ಮಧ್ಯಾಹ್ನ ಅವರ ಮನೆಗೆ ಹೋದೆ. ಠಾಣೆಯ ಮುಂದೆ ರಸ್ತೆಯಲ್ಲಿ ಮಂಜು ಗಟ್ಟಿಯಾಗಿತ್ತು, ಸಾರು ಚೆಲ್ಲದ ಹಾಗೆ ನೋಡಿಕೊಂಡು ನಿಧಾನ ನಡೆದೆ.

ಅವನು ಬೆಚ್ಚಗಿನ ಮೂಲೆಯಲ್ಲಿ ರಜಾಯಿಯೊಳಗೆ ಕೂತಿದ್ದ. ಬಲಗೈಗೆ ಚಮಚ ಹಿಡಿಯಲಾಗುವುದಿಲ್ಲ. ತಾಯಿ ಉಣಿಸುತ್ತಿದ್ದಳು. ನನ್ನನ್ನು ನೋಡಿ ಬೈಯಲಿಲ್ಲ. ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಬೈದಿದ್ದರೆ ಚೆನ್ನಾಗಿತ್ತು.

ನಾನು ಮಂಡಿಯೂರಿ ಕೂತು ಹೇಳಿದೆ. ಗೂಡನ್ನು ಅಳಿಸಬಹುದಿತ್ತು, ಅಳಿಸಲಿಲ್ಲ ಎಂದು. ಯಾಕೆ ಎಂಬುದನ್ನೂ ಹೇಳಿದೆ. ಹೇಳುವಾಗ ಅತ್ತೆ.

ಚಿಲ್‌ಬೊಕ್ ಕೇಳಿಸಿಕೊಂಡನೋ ಇಲ್ಲವೋ. ತಾಯಿ ಪಾತ್ರೆ ತೊಳೆಯಲು ಹೊರಗೆ ಹೋಗುವವರೆಗೂ ಕಾದ. ಆಮೇಲೆ ಎಡಗೈಯಿಂದ ನನ್ನ ತೋಳು ಹಿಡಿದು ಹತ್ತಿರ ಎಳೆದ.

"ಅಣ್ಣಾ, ಹತ್ತನೇ ದಿನ ನಾನು ಒಪ್ಕೊಂಡೆ. ಹೊಡೆತಕ್ಕೆ ಅಲ್ಲ. ದಿನಾ ಆ ಪಟನ ಎದುರಿಗೆ ಇಡೋರು. ನೋಡ್ತಾ ನೋಡ್ತಾ ನೆನಪಾಯ್ತು. ಕಾಲ ಕೆಳಗೆ ಕಲ್ಲು ಚುಚ್ತಿತ್ತು. ಹೂವಿನ ವಾಸನೆ ಇತ್ತು. ಗಾಳಿ ಎಡಗಡೆಯಿಂದ ಬರ್ತಿತ್ತು. ಎಲ್ಲಾ ಹೇಳ್ದೆ ಅವರಿಗೆ. ಈಗಲೂ ನೆನಪಿದೆ." ಅವನ ಬೆರಳು ನನ್ನ ತೋಳಿನಲ್ಲಿ ನಾಟುತ್ತಿತ್ತು. "ನೀನು ಮಾಡಿದೋನು. ನಿಂಗೆ ಗೊತ್ತಿರುತ್ತೆ. ಸತ್ಯ ಹೇಳು. ನಾನು ಅಲ್ಲಿಗೆ ಹೋಗಿರ್ಲಿಲ್ಲ ಅಲ್ವಾ?"

"ಇಲ್ಲ ಕಣೋ. ಹೋಗಿರ್ಲಿಲ್ಲ."

ತಲೆಯಾಡಿಸಿದ. ಸ್ವಲ್ಪ ಹೊತ್ತು ಗೋಡೆಯಲ್ಲಿ ಫೋಟೊ ಇದ್ದ ಬಿಳಿ ಚೌಕವನ್ನು ನೋಡಿದ. ಮತ್ತೆ ಕೇಳಿದ.

"ಹೋಗಿರ್ಲಿಲ್ಲ," ಅಂದೆ.

ತಾಯಿ ದೀಪ ಹಚ್ಚುವವರೆಗೆ ಅಲ್ಲೇ ಕೂತಿದ್ದೆ. ಎಷ್ಟು ಸಲ ಕೇಳಿದನೋ ಅಷ್ಟು ಸಲವೂ ಹೇಳಿದೆ. ನಾಳೆಯೂ ಹೋಗಬೇಕು.